ಬಿಡೂದಕ್ಕೂ ರೊಕ್ಕ

“ಪಾತ್ರೆ ತಿಕ್ಕುವವಳು ನೀನು, ನನ್ನ ಬ್ಯಾಂಕಿಗೆ ಹೋಗಿ ಬೊಬ್ಬೆ ಹೊಡೆಯುವುದಾ? ಎಂತ ಅಹಂಕಾರ ಮಾರಾಯ್ತಿ ನಿನಗೆ!”

ಭುಜಂಗ ಶೇಟ್ ಹಾಗೆ ಕೂಗಿದಾಗ ರುಕ್ಮಿಣಿ ಸಾಂಬಾರಿನ ದೊಡ್ಡ ಹಂಡೆಯೊಳಗೆ ಸೊಂಟದವರೆಗೆ ಬಗ್ಗಿದ್ದಳು. ತಳಕ್ಕೆ ಹತ್ತಿದ ಬೇಳೆಯನ್ನು ಕೆರೆಯುವ ಸದ್ದಿನಲ್ಲಿ ಅವನ ಮಾತು ಅರ್ಧ ಕೇಳಿಸಿತು. ಅವನು ಚಪ್ಪಲಿಯಿಂದ ಹಂಡೆಗೆ ಒದ್ದ. ಆಗ ತಲೆ ಹೊರಗೆ ತೆಗೆದಳು.

“ಬೊಬ್ಬಿ ಹೊಡ್ಯಾಕ ಹೋಗಿಲ್ರಿ. ನನ್ನ ರೊಕ್ಕ ಎಲ್ಲಿ ಹೋತು ಅಂತ ಕೇಳಾಕ ಹೋಗಿದ್ನಿ.”

“ಬ್ಯಾಂಕಿಗೆ ರೂಲ್ಸ್ ಅಂತ ಉಂಟು. ನಿನಗೊಬ್ಬಳಿಗೇ ಅಲ್ಲ, ಎಲ್ಲರಿಗೂ ಕಟ್ ಆಗ್ತದೆ.”

“ಆ ರೊಕ್ಕಿಲ್ದ ನನ್ನ ಮಗಳ ಪರೀಕ್ಷಾ ತಪ್ಪಿತ್ರಿ.”

“ನಿನ್ನ ಮಗಳು ನರ್ಸ್ ಆಗದಿದ್ರೆ ಡೊಂಬಿವಲಿಯಲ್ಲಿ ಯಾರೂ ಸಾಯುವುದಿಲ್ಲ. ಕರಕೊಂಡು ಬಾ, ಹಂಡೆ ತಿಕ್ಕಲಿಕ್ಕೆ ಜನ ಬೇಕು ನನಗೆ.”

ಒಲೆಯ ಹತ್ತಿರ ನಿಂತಿದ್ದ ಅಡುಗೆ ಭಟ್ಟರು ನಕ್ಕರು. ರುಕ್ಮಿಣಿ ಮತ್ತೆ ಹಂಡೆಯೊಳಗೆ ಬಗ್ಗಿದಳು. ಒಳಗೆ ಬಗ್ಗಿಕೊಂಡೇ, “ಸೂಳಿಮಗನ,” ಎಂದಳು. ಹಂಡೆ ಆ ಮಾತನ್ನು ಗುಂಯ್ ಎಂದು ಹೊರಗೆ ತಂದಿತು. ಶೇಟ್ ಅಷ್ಟರಲ್ಲಿ ಆಚೆ ಹೋಗಿದ್ದ. ಗ್ರೈಂಡರ್ ಮುಂದೆ ಕೂತಿದ್ದ ಪ್ರಫುಲ್ಲಾಳಿಗೆ ಮಾತ್ರ ಕೇಳಿಸಿತು. ಅವಳು ಹೆದರಿ ಬಾಗಿಲ ಕಡೆ ನೋಡಿದಳು.

ಭುಜಂಗ ಶೇಟನದು ಮದುವೆ, ಮುಂಜಿಗಳಿಗೆ ಅಡುಗೆ ಮಾಡಿಕೊಡುವ ವ್ಯಾಪಾರ. ಡೊಂಬಿವಲಿಯ ಕಾರ್ಖಾನೆಗಳ ನಡುವೆ ತಗಡಿನ ಶೆಡ್ಡು ಹಾಕಿಕೊಂಡು ಠಾಣೆ, ಕಲ್ಯಾಣ, ನವಿ ಮುಂಬಯಿಯ ಮದುವೆ ಮಂಟಪಗಳಿಗೆಲ್ಲ ಊಟ ಕಳಿಸುತ್ತಿದ್ದ. ತನ್ನ ತುಳುನಾಡಿನ ಊರಿನವರು ಸೇರಿ ಕಟ್ಟಿದ ಒಂದು ಸಹಕಾರಿ ಬ್ಯಾಂಕಿಗೆ ಡೈರೆಕ್ಟರೂ ಆಗಿದ್ದ. ಶೆಡ್ಡಿನಲ್ಲಿ ದುಡಿಯುವ ಹೆಂಗಸರ ಪಗಾರ ಆ ಬ್ಯಾಂಕಿಗೇ ಬೀಳಬೇಕು. ಹೆಂಗಸರು ಅದನ್ನು ಶೇಟನ ಬ್ಯಾಂಕು ಎಂದೇ ಕರೆಯುತ್ತಿದ್ದರು.

ರುಕ್ಮಿಣಿ ಅಫಜಲಪುರದ ಕಡೆಯವಳು. ಟಿಟ್ವಾಳಾದ ಚಾಳಿನಿಂದ ಬೆಳಗಿನ ಲೋಕಲ್ ಹಿಡಿದು ಬರುತ್ತಿದ್ದಳು. ತರಕಾರಿ ಹೆಚ್ಚುವುದು, ಪಾತ್ರೆ ತಿಕ್ಕುವುದು ಅವಳ ಕೆಲಸ. ದೇವಸ್ಥಾನದ ಪ್ರಸಾದದ ಆರ್ಡರ್ ಬಂದ ದಿನ ಮಾತ್ರ ಅವಳನ್ನು ತರಕಾರಿ ಮುಟ್ಟಗೊಡದೆ ಹೊರಗಿನ ನಲ್ಲಿಗೆ ಕಳಿಸುತ್ತಿದ್ದರು. ಯಾಕೆ ಎಂದು ಯಾರೂ ಹೇಳುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ.

ಮಗಳು ಯಾಮಿನಿ ನರ್ಸಿಂಗ್ ಪ್ರವೇಶ ಪರೀಕ್ಷೆಗೆ ವರ್ಷವಿಡೀ ಓದಿದ್ದಳು. ಅರ್ಜಿ ತುಂಬುವ ಕೊನೆಯ ದಿನ ಪಗಾರವಾಯಿತು. ಸಂಜೆ ಯಾಮಿನಿ ಫೀ ಕಟ್ಟಲು ಫೋನಿನಲ್ಲಿ ಅವ್ವನ ಕಾರ್ಡಿನ ನಂಬರು ಒತ್ತಿದಳು. ದುಡ್ಡು ಸಾಲದು ಎಂದು ಬಂತು. ಮತ್ತೆ ಒತ್ತಿದಳು, ಮತ್ತೆ ಅದೇ. ನೆರೆಯವರ ಹತ್ತಿರ ಸಾಲ ಕೇಳಿ ಬರುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿತ್ತು. ಪಗಾರ ಬಿದ್ದ ಬೆನ್ನಿಗೇ ಬ್ಯಾಂಕು ತಿಂಗಳುಗಟ್ಟಲೆಯ ತನ್ನ ಪಾಲನ್ನು ಒಟ್ಟಿಗೇ ಎತ್ತಿಕೊಂಡಿತ್ತು.

ಮರುದಿನ ರುಕ್ಮಿಣಿ ಊಟದ ಹೊತ್ತಿಗೆ ಬ್ಯಾಂಕಿಗೆ ಹೋದಳು. ಮ್ಯಾನೇಜರ್ ಅಭಯ್ ಮೈಸೂರಿನವನು. ಅವಳ ಸೀರೆಯಿಂದ ನೀರು ತೊಟ್ಟಿಕ್ಕುತ್ತಿದ್ದುದನ್ನು ಕಂಡು ಮೊದಲು ಹಿಂದೆ ನಿಲ್ಲುವಂತೆ ಕೈ ಮಾಡಿದ.

“ನೋಡಮ್ಮ, ಮಿನಿಮಮ್ ಬ್ಯಾಲೆನ್ಸ್ ಇಟ್ಟಿಲ್ಲ, ಅದಕ್ಕೆ ದಂಡ. ಕಾರ್ಡಿನ ಚಾರ್ಜು ಬೇರೆ. ಎಸ್ಸೆಮ್ಮೆಸ್ ಚಾರ್ಜು ಬೇರೆ. ಈ ವರ್ಷದಿಂದ ಎಲ್ಲಾ ಜಾಸ್ತಿ ಆಗಿದೆ.”

“ನಂಗ್ ಒಂದೂ ಮೆಸೇಜ್ ಬಂದಿಲ್ರಿ ಯಪ್ಪಾ.”

“ಬರ್ಲಿ ಬಿಡ್ಲಿ, ಚಾರ್ಜು ಚಾರ್ಜೇ. ಬ್ಯಾಲೆನ್ಸ್ ಇಡೋಕೆ ಯೋಗ್ಯತೆ ಇಲ್ಲ ಅಂದ್ಮೇಲೆ ಅಕೌಂಟ್ ಯಾಕಮ್ಮ ಓಪನ್ ಮಾಡ್ತೀರಾ?”

“ನಾ ಎಲ್ಲಿ ಮಾಡೀನ್ರಿ? ಶೇಟ್ ಹೆಬ್ಬಟ್ಟ ಒತ್ತಸ್ಕೊಂಡ. ಹೊಟ್ಟಿಗಿ ಉಂಡ ಮ್ಯಾಲ ಉಳದ್ರ ಇಡತಿದ್ನಿ. ಉಳಿಯಂಗಿಲ್ಲ ಅಂತ ನೀವು ದಂಡ ಹಾಕ್ತೀರಿ. ಇದ್ಯಾವ ಸೀಮಿ ನ್ಯಾಯರಿ?”

ಅಭಯ್ ವಾಚ್‌ಮನ್‌ನನ್ನು ಕರೆದ. ವಾಚ್‌ಮನ್ ಅವಳ ತೋಳು ಹಿಡಿದು ಬಾಗಿಲಾಚೆ ಬಿಟ್ಟ. ಅವಳು ಫುಟ್‌ಪಾತಿನಲ್ಲೇ ನಿಂತು ಕೂಗಾಡಿದಳು. ಆ ಸುದ್ದಿಯೇ ಶೇಟನಿಗೆ ಮುಟ್ಟಿದ್ದು.

ಆ ಸಂಜೆ ಮನೆಯಲ್ಲಿ ಯಾಮಿನಿ ಅಳಲಿಲ್ಲ. ಪುಸ್ತಕಗಳನ್ನು ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದಳು.

“ಮಹಾಪೆ ಮೇ ಹೌಸ್‌ಕೀಪಿಂಗ್ ಕಾ ಕಾಮ್ ಹೈ. ಕಲ್ ಸೇ ಜಾತೀ ಹೂಂ,” ಎಂದಳು ಹಿಂದಿಯಲ್ಲಿ. ನಾಳೆಯಿಂದಲೇ ಕಂಪನಿಯೊಂದರಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ.

“ಕಂಪನಿ ಪಾಯಖಾನಿ ತೊಳ್ಯಾಕ ಹೊಂಟಿ ಏನ? ಕಾಲ್ ಮುರೀತೀನಿ. ಪುಸ್ತಕ ತಗಿ ಹೊರಗ.”

“ಫಿರ್ ವಹೀ ಬ್ಯಾಂಕ್ ಹೈ ನಾ ಆಯಿ. ಅಗಲೇ ಸಾಲ್ ಭೀ ಕಾಟೇಗಾ.”

ಮುಂದಿನ ವರ್ಷವೂ ಅದೇ ಬ್ಯಾಂಕು ಕತ್ತರಿಸುತ್ತದೆ ಎಂಬುದು ರುಕ್ಮಿಣಿಗೆ ನಾಟಿತು. ರಾತ್ರಿಯ ರೊಟ್ಟಿ ಬಡಿಯುತ್ತ, ಬಡಿಯುತ್ತ ನಿಲ್ಲಿಸಿದಳು. “ಹಂಗಾರ ಆ ಬ್ಯಾಂಕೇ ಬ್ಯಾಡ. ಬ್ಯಾರೆ ಇಲ್ಲೇನು ಈ ಊರಾಗ?”

ಇತ್ತು. ಸ್ಟೇಷನ್ನಿನ ಆಚೆ ಸರಕಾರಿ ಬ್ಯಾಂಕಿನಲ್ಲಿ ಒಂದು ಪೈಸೆ ಇಡದೆಯೂ ನಡೆಯುವ ಖಾತೆ ಕೊಡುತ್ತಿದ್ದರು. ತಾಯಿ, ಮಗಳು ಎರಡು ಸಲ ಹೋಗಿ ಬೈಸಿಕೊಂಡು, ಮೂರನೆಯ ಸಲ ಪಾಸ್‌ಬುಕ್ ಹಿಡಿದುಕೊಂಡೇ ಹೊರಗೆ ಬಂದರು.

ರುಕ್ಮಿಣಿ ಅದರ ಝೆರಾಕ್ಸನ್ನು ಶೇಟನ ಮೇಜಿನ ಮೇಲಿಟ್ಟಳು. “ಇನ್ನ ಮ್ಯಾಲ ಪಗಾರ ಇದಕ್ಕ ಹಾಕ್ರಿ.”

ಭುಜಂಗ ಶೇಟ್ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಚಹದ ಕಪ್ಪಿನ ಕೆಳಗೆ ಇಟ್ಟುಕೊಂಡ. “ನನ್ನ ಶೆಡ್ಡಿನಲ್ಲಿ ಕೆಲಸ ಬೇಕಾದರೆ ಪಗಾರ ನನ್ನ ಬ್ಯಾಂಕಿಗೆ. ಬೇಡ ಅಂತಾದರೆ ಟಿಟ್ವಾಳಾದಲ್ಲಿ ಗಣಪತಿ ಉಂಟಲ್ಲ, ಅಲ್ಲಿ ಮೆಟ್ಟಿಲ ಮೇಲೆ ಕೂತುಕೊ. ಖಾತೆ ಬೇಡ, ತಟ್ಟೆ ಸಾಕು.”

ಆ ಮಧ್ಯಾಹ್ನ ಹೊರಗಿನ ನಲ್ಲಿಯ ಹತ್ತಿರ ಹೆಂಗಸರು ಉಣ್ಣಲು ಕೂತಾಗ ರುಕ್ಮಿಣಿ ಎಲ್ಲ ಹೇಳಿದಳು. ಹೇಳಿದ ಮೇಲೆ ಒಬ್ಬೊಬ್ಬರದೇ ಹೊರಬಿತ್ತು. ಮುಂಬ್ರಾದಿಂದ ಬರುವ ಒಬ್ಬಳ ಗಂಡನ ಔಷಧಿಯ ದುಡ್ಡು ಹೀಗೇ ಹೋಗಿತ್ತು. ಇನ್ನೊಬ್ಬಳು ತಾನೇ ಲೆಕ್ಕ ತಪ್ಪಿದೆ ಎಂದುಕೊಂಡು ಸುಮ್ಮನಿದ್ದಳು. ಎಲ್ಲರೂ ಸ್ಟೇಷನ್ನಿನಾಚೆಯ ಬ್ಯಾಂಕಿಗೆ ಹೋಗುವುದೆಂದಾಯಿತು. ಪ್ರಫುಲ್ಲಾ ಮಾತ್ರ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದಳು. ಅವಳು ಕಾರ್ಕಳದ ಕಡೆಯ ವಿಧವೆ. ಶೆಡ್ಡಿನ ಹಿಂದೆ ಶೇಟ್ ಕೊಟ್ಟ ಕೋಣೆಯಲ್ಲಿದ್ದಳು.

“ನನ್ನನ್ನು ಬಿಡಿ ಮಾರಾಯ್ರೆ,” ಎಂದಳು. “ನನ್ನವರು ತೀರಿಹೋದಾಗ ಹೆಣ ಊರಿಗೆ ಕಳಿಸಿಕೊಟ್ಟದ್ದು ಧನಿಗಳು. ಅದನ್ನು ಮರೀಲಿಕ್ಕೆ ಆಗ್ತದಾ?”

“ಹೆಣ ಕಳಿಸ್ಯಾನಂತ ಬದಕಿದ್ದ ನಿನ್ನ ತಿನ್ನಬೇಕೇನವಾ ಅಕ್ಕಾ?” ಎಂದಳು ರುಕ್ಮಿಣಿ.

ಪ್ರಫುಲ್ಲಾ ಉಣ್ಣದೆ ಎದ್ದು ಹೋದಳು.

ಕೆಲವು ದಿನಗಳಲ್ಲಿ ಪ್ರಫುಲ್ಲಾಳನ್ನು ಬಿಟ್ಟು ಎಲ್ಲರ ಕೈಗೂ ಹೊಸ ಪಾಸ್‌ಬುಕ್ ಬಂತು. ಶೇಟ್ ಒಂದನ್ನೂ ಮುಟ್ಟಲಿಲ್ಲ. ಹಳೆಯ ಖಾತೆ ಮುಚ್ಚಿಬಿಟ್ಟರೆ ಪಗಾರ ಎಲ್ಲಿಗೆ ಹಾಕುತ್ತಾನೆ, ನೋಡೋಣ ಎಂದಳು ರುಕ್ಮಿಣಿ. ಠಾಣೆಯಲ್ಲಿ ದೊಡ್ಡ ಮದುವೆಯ ಆರ್ಡರ್ ಇದ್ದ ದಿನವನ್ನೇ ಅದಕ್ಕೆ ಆರಿಸಿಕೊಂಡರು.

ಆ ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತಿದ್ದ ರುಕ್ಮಿಣಿಯನ್ನು ತೋರಿಸಿ ಭುಜಂಗ ಶೇಟ್ ಪ್ರಫುಲ್ಲಾಳಿಗೆ ಕೂಗಿ ಹೇಳಿದ: “ಅವಳನ್ನು ಅಲ್ಲಿಂದ ಎಬ್ಬಿಸು. ಪಾಯಖಾನೆ ಕಟ್ಟಿಕೊಂಡಿದೆ, ಕೈ ಹಾಕಿ ತೆಗೀಲಿ. ಅವರ ಜಾತಿಗೆ ಗೊತ್ತುಂಟು ಆ ಕೆಲಸ. ಬ್ಯಾಂಕು ಗೀಂಕು ಎಲ್ಲ ಮರೆತುಹೋಗ್ತದೆ.”

ಹೆಂಗಸರ ಕೈಯ ಚಾಕುಗಳು ನಿಂತವು. ಪ್ರಫುಲ್ಲಾಳ ಗ್ರೈಂಡರ್ ಒಂದೇ ತಿರುಗುತ್ತಿತ್ತು.

“ಹೇಳಿದ್ದು ಕೇಳಿಸಲಿಲ್ಲವಾ? ನೀನು ಹೇಳು ಅವಳಿಗೆ. ಕೋಣೆ ಬೇಕಲ್ಲ ನಿನಗೆ?”

ಪ್ರಫುಲ್ಲಾ ಗ್ರೈಂಡರ್ ನಿಲ್ಲಿಸಿದಳು. ಕೈಯ ಹಿಟ್ಟನ್ನು ಬಳಿದು ಹಾಕಿದಳು. “ಎಂಕ್ ಬೊಡ್ಚಿ,” ಎಂದಳು, ತನಗೆ ಬೇಡವೆಂದು, ಊರಿನ ತುಳುವಿನಲ್ಲೇ, ಅವನಿಗೆ ಚೆನ್ನಾಗಿ ತಿಳಿಯುವಂತೆ. ಆಮೇಲೆ ರುಕ್ಮಿಣಿಯ ಹತ್ತಿರ ಬಂದು ಅವಳ ಕೈಯಿಂದ ತೆಂಗಿನ ಕಡಿಯನ್ನು ತೆಗೆದು ಕೆಳಗಿಟ್ಟಳು. “ಏಳು. ಹೋಗುವ.”

ಅರ್ಧ ಹೆಚ್ಚಿದ ಕುಂಬಳಕಾಯಿ, ನೆನೆದ ಬೇಳೆ, ಹೊತ್ತಿಸದ ಒಲೆಗಳನ್ನು ಬಿಟ್ಟು ಹೆಂಗಸರೆಲ್ಲ ಹೊರಟರು. ಭುಜಂಗ ಶೇಟ್ ಗೇಟಿನವರೆಗೆ ಬೈಯುತ್ತ ಬಂದ. ಯಾರೂ ತಿರುಗಿ ನೋಡಲಿಲ್ಲ.

ಬ್ಯಾಂಕಿನಲ್ಲಿ ಅಭಯ್ ಅವರನ್ನು ನೋಡಿ ಎದ್ದುನಿಂತ.

“ಎಲ್ಲಾರ ಖಾತೇನೂ ಬಂದ್ ಮಾಡ್ರಿ,” ಎಂದಳು ರುಕ್ಮಿಣಿ. “ಉಳದ ರೊಕ್ಕ ಕೈಗೆ ಕೊಡ್ರಿ.”

ಅವನು ಕಂಪ್ಯೂಟರ್ ನೋಡಿ ತುಟಿ ಸೊಟ್ಟ ಮಾಡಿದ. “ಕ್ಲೋಸ್ ಮಾಡೋದಕ್ಕೂ ಚಾರ್ಜ್ ಇದೆ. ಕೆಲವರದ್ರಲ್ಲಿ ಅಷ್ಟೂ ಇಲ್ಲ. ಅವರು ಬಾಕಿ ಕಟ್ಟಬೇಕು.”

“ಏನಂದ್ರಿ?”

“ಅಕೌಂಟ್ ಬಿಡಬೇಕಂದ್ರೂ ದುಡ್ಡು ಕಟ್ಟಬೇಕು ಅಂದೆ.”

“ಬಿಡೂದಕ್ಕೂ ರೊಕ್ಕ? ಏ ಭಾಡ್ಯಾ, ನಿಮ್ಮ ಬಾಗಿಲ ದಾಟಾಕ ಎಷ್ಟ ಹಚ್ಚೀರಿ? ಉಸಿರ ಬಿಡಾಕ ಎಷ್ಟ?”

“ಬಾಯಿ ಬಿಗಿ ಹಿಡಿದು ಮಾತಾಡಮ್ಮ. ವಾಚ್‌ಮನ್!”

ವಾಚ್‌ಮನ್ ಬಂದ. ಈ ಸಲ ಯಾರ ತೋಳು ಹಿಡಿಯಬೇಕೆಂದು ಅವನಿಗೆ ತಿಳಿಯಲಿಲ್ಲ. ರುಕ್ಮಿಣಿ ಗಿರಾಕಿಗಳ ಸೋಫಾದ ಮೇಲೆ ಕೂತಳು. ಪಕ್ಕಕ್ಕೆ ಮುಂಬ್ರಾದವಳು ಕೂತಳು. ಸೋಫಾ ತುಂಬಿದ ಮೇಲೆ ಕುರ್ಚಿಗಳು ತುಂಬಿದವು. ಉಳಿದವರು ಮ್ಯಾನೇಜರನ ಕ್ಯಾಬಿನ್ನಿಗೆ ಹೋಗುವ ದಾರಿಯಲ್ಲಿ ನೆಲಕ್ಕೆ ಕೂತು ಕಾಲು ಚಾಚಿದರು. ಅರಿಸಿನ, ಹಿಟ್ಟು, ಈರುಳ್ಳಿಯ ವಾಸನೆ ಏಸಿಯ ತಂಪಿನೊಳಗೆ ಹರಡಿತು. ಒಬ್ಬ ಗಿರಾಕಿ ಮೂಗು ಮುಚ್ಚಿಕೊಂಡ. ಮೂಲೆಯಲ್ಲಿದ್ದ ಒಬ್ಬ ಮುದುಕ ತನ್ನದೂ ಹಾಗೇ ಕತ್ತರಿಸಿದ್ದಾರೆ ಎಂದು ಮರಾಠಿಯಲ್ಲಿ ಗೊಣಗುತ್ತ ಅಲ್ಲೇ ಕೂತುಬಿಟ್ಟ.

“ಶಟರ್ ಹಾಕಿಸ್ತೀನಿ,” ಎಂದ ಅಭಯ್. “ಪೊಲೀಸ್ ಕರೀತೀನಿ.”

“ಹಾಕಸ್ರಿ. ಕರೀರಿ. ಅವ್ರಿಗೂ ಹೇಳ್ತೀವಿ. ಚಾರ್ಜ್ ಬಿಟ್ಟು ಖಾತೆ ಬಂದ್ ಮಾಡೂತನಕಾ ನಾವ್ ಏಳಂಗಿಲ್ಲ.”

ಅವನು ಪೊಲೀಸರ ಬದಲು ಭುಜಂಗ ಶೇಟನಿಗೆ ಫೋನು ಮಾಡಿದ.

ಶೇಟ್ ಬೆವರುತ್ತ ಒಳಗೆ ನುಗ್ಗಿದ. ಕಿಸೆಯಲ್ಲಿ ಅವನ ಫೋನು ಒಂದೇ ಸಮ ಕೂಗುತ್ತಿತ್ತು. ಕಿವಿಗೆ ಹಿಡಿದು, “ಬರ್ತದೆ, ಬರ್ತದೆ, ಗಾಡಿ ಹೊರಟಿದೆ,” ಎಂದು ಮದುವೆಯವರಿಗೆ ಸುಳ್ಳು ಹೇಳಿ ಇಟ್ಟ. ಆಮೇಲೆ ಪ್ರಫುಲ್ಲಾಳ ಕಡೆ ತಿರುಗಿದ.

“ಪ್ರಫುಲ್ಲಾ, ನೀನಾದರೂ ಬುದ್ಧಿ ಹೇಳು. ನಮ್ಮ ಊರಿನವಳು ನೀನು. ಮೊದಲು ಅಡುಗೆ ಮುಗಿಸುವ, ಆಮೇಲೆ ಮಾತಾಡುವ.”

ಪ್ರಫುಲ್ಲಾ ಚಾಚಿದ ಕಾಲನ್ನು ಹಿಂದೆಳೆದುಕೊಳ್ಳಲಿಲ್ಲ. “ರೂಮು ನಾಳೆ ಖಾಲಿ ಮಾಡ್ತೇನೆ,” ಎಂದಳು. “ಇವತ್ತು ಇದು ಆಗಲಿ.”

ಶೇಟನ ಫೋನು ಮತ್ತೆ ಕೂಗಿತು. ಅವನು ಒಳಗೆ ಬಾ ಎಂದು ಅಭಯ್‌ನತ್ತ ಕೈ ಬೀಸಿ ಕ್ಯಾಬಿನ್ನಿನ ಕಡೆ ಹೊರಟ. ಹೋಗಲು ಹೆಂಗಸರ ಕಾಲುಗಳನ್ನು ದಾಟಬೇಕಿತ್ತು. ಎತ್ತಿದ ಹೆಜ್ಜೆ ಇಡಲು ಜಾಗ ಸಿಗಲಿಲ್ಲ.

“ಅಲ್ಲೇ ನಿಂದರ್ರಿ ಶೇಟ್,” ಎಂದಳು ರುಕ್ಮಿಣಿ, ಸೋಫಾದಿಂದ ಏಳದೆ. “ಸಾಲಿನ್ಯಾಗ ಬರ್ರಿ. ನಮ್ಮದು ಮೊದಲೈತಿ.”

ಅವನು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟ.