ರೀಸೆಟ್ ವಿವರಣೆಯ ಕೊನೆಯ ಸಾಲು

ನಮ್ಮ ಕಸುಬಿನಲ್ಲಿ ಬಸ್ ಎಂದರೆ ರಸ್ತೆಯ ಬಸ್ಸಲ್ಲ; ಕಂಪ್ಯೂಟರಿನ ಬಿಡಿಭಾಗಗಳೆಲ್ಲ ಮಾತಾಡಿಕೊಳ್ಳುವ ಒಂದೇ ತಂತಿಸಾಲು. ಅದರಲ್ಲಿ ಒಂದು ಭಾಗ ಮೂಕವಾದರೆ ಇಡೀ ಸಾಲನ್ನೇ ರೀಸೆಟ್ ಮಾಡುತ್ತೇವೆ, ಅಂದರೆ ನಿಲ್ಲಿಸಿ ಹೊಸದಾಗಿ ಶುರುಮಾಡುತ್ತೇವೆ. ಆಗ ನೆಟ್ಟಗಿದ್ದ ಭಾಗಗಳೂ ತಮ್ಮಲ್ಲಿದ್ದುದನ್ನೆಲ್ಲ ಮರೆಯುತ್ತವೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಈ ರೀಸೆಟ್ ಬೇಕೋ ಬೇಡವೋ ಎಂದು ಕಂಪ್ಯೂಟರಿನ ಮೂಲ ತಂತ್ರಾಂಶವಾದ ಕರ್ನಲ್ ಕಟ್ಟುವವರು ಮೊದಲೇ ಆರಿಸಬೇಕು. ಅವರಿಗಾಗಿ ವಿವರಣೆ ಬರೆಯುವ ಕೆಲಸ ನನ್ನದು. ತೈವಾನಿನ ಶಿನ್‌ಚು ಊರಿನ ನಮ್ಮ ಆಫೀಸಿನಲ್ಲಿ ಆ ದಿನವೂ ಅದನ್ನೇ ಬರೆಯುತ್ತಿದ್ದೆ.

ಸಂಜೆ ಆಸ್ಪತ್ರೆಗೆ ಉತ್ತರ ಕೊಡಬೇಕಿತ್ತು. ನನ್ನ ಗಂಡ ಕುವೊ-ಜುಂಗ್ ಮೆದುಳಿನ ರಕ್ತನಾಳ ಒಡೆದು ಪ್ರಜ್ಞೆಯಿಲ್ಲದೆ ಮಲಗಿದ್ದ. ಎದೆಬಡಿತ ಇನ್ನೊಮ್ಮೆ ನಿಂತರೆ, ಎದೆ ಗುದ್ದಿ ಮತ್ತೆ ಶುರುಮಾಡಬೇಕೇ ಬೇಡವೇ ಹೇಳಿ ಎಂದಿದ್ದರು ಡಾಕ್ಟರು. ನನಗೆ ಅಳುವೂ ಬರುತ್ತಿರಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಿತ್ತು, ಅಷ್ಟೆ.

ಆಫೀಸಿನಲ್ಲಿ ನನ್ನೆದುರು ಕೂರುವ ಸಹೋದ್ಯೋಗಿ ಫಾನ್ ಅಣ್ಣ ನನ್ನ ಬರಹ ಓದಿ, ಕೊನೆಯ ಸಾಲು ಎಲ್ಲಿ ಎಂದು ಕೇಳಿದ. ಇಂಥ ವಿವರಣೆಗಳನ್ನು ಒಂದೇ ಸಾಲಿನಿಂದ ಮುಗಿಸುವುದು ನಮ್ಮವರ ರೂಢಿ: ಗೊತ್ತಾಗದಿದ್ದರೆ ಬೇಡ ಎನ್ನಿ. ಕಣ್ಣು ಮುಚ್ಚಿ ಬರೆಯುತ್ತಿದ್ದ ಸಾಲು; ಅಂದು ಅದಕ್ಕೆ ಬೆರಳೇ ಏಳಲಿಲ್ಲ. ಅಷ್ಟು ಅವಸರವಿದ್ದರೆ ನೀನೇ ಬರೆದುಕೋ ಎಂದು ಸಿಡುಕಿದೆ. ಅವನು ಪರೀಕ್ಷೆಯ ಯಂತ್ರದ ಮೇಲಿದ್ದ ಕುರುಕಲು ತಿಂಡಿಯ ಹಸಿರು ಪೊಟ್ಟಣ ತೆಗೆದು ನನ್ನ ಚೀಲಕ್ಕೆ ಹಾಕಿದ. ಆ ತಿಂಡಿಯ ಹೆಸರಿಗೇ ಜಾಣನಾಗಿರು ಎಂಬರ್ಥ; ಡೇಟು ಮುಗಿಯದ ಪೊಟ್ಟಣ ಮೇಲಿದ್ದರೆ ಯಂತ್ರ ತಂಟೆ ಮಾಡದು ಎಂಬುದು ನಮ್ಮ ನಂಬಿಕೆ.

"ಆಸ್ಪತ್ರೇಲಿ ಇಡು. ಡೇಟು ಮುಗಿದಿಲ್ಲ, ನೋಡಿದೀನಿ," ಎಂದ.

ಸಂಜೆ ಆಸ್ಪತ್ರೆಗೆ ಹೋದರೆ, ಗಂಡನ ಉಸಿರಾಟದ ಯಂತ್ರದ ಮೇಲೆ ಆಗಲೇ ಒಂದು ಹಸಿರು ಪೊಟ್ಟಣವಿತ್ತು. ತೈವಾನಿನಲ್ಲಿ ನರ್ಸುಗಳೂ ಈ ನಂಬಿಕೆ ಬಿಟ್ಟವರಲ್ಲ. ಪಕ್ಕದಲ್ಲೇ ನನ್ನದನ್ನೂ ಇಟ್ಟೆ. ಅತ್ತೆ ಹಾಸಿಗೆಯ ತುದಿಯಲ್ಲಿ ಕೂತು ಮಗನ ಪಾದ ಉಜ್ಜುತ್ತಿದ್ದರು. ಡಾಕ್ಟರು ಬಂದಾಗ, ಗುದ್ದಿ ಎಬ್ಬಿಸಿದರೆ ಉಳಿದ ಮೈಗೆ ಏನಾಗುತ್ತದೆ ಎಂದು ಕೇಳಿದೆ. ಪಕ್ಕೆಲುಬು ಮುರಿಯಬಹುದು, ಎದೆ ಬಡಿದುಕೊಂಡರೂ ಎಚ್ಚರ ಬಾರದಿರಬಹುದು ಎಂದರು.

"ಬೇಡ," ಎಂದೆ.

ಅವರು ಹೋದ ಮೇಲೆ ಅತ್ತೆ ತಲೆಯೆತ್ತದೆ ಕೇಳಿದರು: "ಅವ್ನು ಏಳಲ್ಲ ಅಂತ ನಿಂಗೆ ಗ್ಯಾರಂಟಿನೇನಮ್ಮಾ?"

"ಇಲ್ಲ ಅತ್ತೆ. ಗೊತ್ತಾಗ್ಲಿಲ್ಲ. ಅದಕ್ಕೇ ಬೇಡ ಅಂದೆ."

ಅತ್ತೆ ಬೈಯಲಿಲ್ಲ. ಸ್ವಲ್ಪ ಸರಿದು ನನಗೂ ಜಾಗ ಮಾಡಿಕೊಟ್ಟರು. ಕೂತು ಇನ್ನೊಂದು ಪಾದವನ್ನು ಕೈಗೆ ತೆಗೆದುಕೊಂಡೆ. ಅದು ಬೆಚ್ಚಗಿತ್ತು.