ಬೆರಳಗಲದ ಕೆಂಪು

ಕೆಂಪು, ಕಿರುಬೆರಳಿನಷ್ಟು ಅಗಲ, ಅಷ್ಟೇ, ಕಿಟಕಿಯ ಬಿಸಿಲು ಮೇಜಿನ ಮೇಲೆ ಸರಿದು ಬಂದು ಬಾವುಟದ ಮೇಲೆ ಬಿದ್ದದ್ದಕ್ಕೆ ಕಂಡಿತು, ನಿನ್ನೆ ಸ್ಮಶಾನದಲ್ಲಿ ಕಂಡಿರಲಿಲ್ಲ – ಇಲ್ಲ, ಸುಳ್ಳು ಯಾಕೆ, ಗಾರ್ಡಿ ನನ್ನ ಮುಂದೆ ಮಂಡಿಯೂರಿ ಅದನ್ನು ಮಡಿಲಲ್ಲಿ ಇಡುವಾಗಲೇ ಕಂಡಿತ್ತು, ನೀಲಿ ತ್ರಿಕೋನದ ಒಂದು ಮಗ್ಗುಲಿಂದ ಇಣುಕುತ್ತಿದ್ದ ಕೆಂಪು ಪಟ್ಟಿ, ಅರವತ್ತೆರಡು ವರ್ಷ ಆರ್ವಿನ್‌ನ ಹೆಂಡತಿಯಾಗಿದ್ದವಳಿಗೆ ಅದು ಕಾಣದೆ ಇರುತ್ತದೆಯೇ. ನಕ್ಷತ್ರಗಳ ನೀಲಿ ಮಾತ್ರ ಹೊರಗೆ, ಕೆಂಪೆಲ್ಲ ಒಳಗೆ, ವಿಧವೆಗೆ ಕೊಡುವ ಮೊದಲು ಸೈನಿಕನ ಶವಪೆಟ್ಟಿಗೆಯ ಮೇಲಿನ ಬಾವುಟ ತ್ರಿಕೋನವಾಗಿ ಮಡಚುವುದು ಹಾಗೆ, ಈ ಊರಿನಲ್ಲಿ ಅದನ್ನು ಎಲ್ಲರಿಗೂ ಕಲಿಸಿದವನೇ ಆರ್ವಿನ್, ಹೆಣಗಳನ್ನು ಅಣಿಮಾಡಿ ಮಣ್ಣಿಗೆ ಕಳಿಸುವುದೇ ಅವನ ಕಸುಬಾಗಿತ್ತು, ಈಗ ಅವನದೇ ಬಾವುಟ ಹೀಗೆ. ಬಾವುಟ ಮಡಚಲು ಪಟ್ಟಣದ ಸೇನಾ ಶಿಬಿರದಿಂದ ಬರಬೇಕಿದ್ದ ಇಬ್ಬರು ಹುಡುಗರು ಹಿಮಗಾಳಿಗೆ ಹೆದ್ದಾರಿ ಮುಚ್ಚಿದ್ದರಿಂದ ಬರಲಿಲ್ಲ, ಮಡಚಿದ್ದು ಗಾರ್ಡಿ ಮತ್ತು ವಿಯೆಟ್ನಾಂ ಯುದ್ಧದಲ್ಲಿ ಅವನ ಜೊತೆಗಿದ್ದವರು, ಎಲ್ಲರೂ ಎಪ್ಪತ್ತು ದಾಟಿದವರು, ಗಾಳಿಯಲ್ಲಿ ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು, ಗಾರ್ಡಿಯ ಕೈ ನಡುಗುವುದು ಈಗ ಎರಡು ವರ್ಷದಿಂದ, ಕೈಗವಸು ಕಳಚಿ ಬರಿಗೈಯಲ್ಲಿ ಕೊನೆಯ ತುದಿ ಸಿಕ್ಕಿಸಿದ, ಸಿಕ್ಕಿಸಿದ ಎಂದುಕೊಂಡ. ಬೆಳಿಗ್ಗೆ ಫೋನ್ ಮಾಡಿದ್ದ, ಆರ್ಡಿಸ್, ನಿನ್ನೆ ಎಲ್ಲ ಸರಿಹೋಯ್ತಾ, ಬಾವುಟ ಸರಿಯಾಗಿತ್ತಾ, ನಾನು ಚೆನ್ನಾಗಿತ್ತು ಗಾರ್ಡಿ ಅಂದೆ, ಅವನು ಅಬ್ಬಾ ಅಂದ, ಆರ್ವಿನ್ ನೋಡ್ತಿದ್ರೆ ಬಯ್ತಿದ್ದನೇನೋ ಅಂತ ರಾತ್ರಿಯಿಡೀ ನಿದ್ದೆ ಇಲ್ಲ ಕಣೇ.

ಪಾತ್ರೆಗಳು ಇನ್ನೂ ಇವೆ, ತಿಕ್ಕಿ ಒರೆಸಿ ಇಡಬೇಕು, ಸಾವಿನ ಮನೆಗೆಂದು ಊರವರು ಆಲೂಗಡ್ಡೆ ಹರಡಿ ಬೇಯಿಸಿ ತಂದ ಟ್ರೇಗಳು, ಅಡಿಯಲ್ಲಿ ಅಂಟುಪಟ್ಟಿಯ ಮೇಲೆ ಬರೆದ ಹೆಸರುಗಳು, ಬೆವರ್ಲಿ ಓಸ್, ಸಿಗ್ನೆ ಹಾಫ್, ಇವರ ಮನೆಗಳಿಗೆ ನಾನು ಹೀಗೆಯೇ ಟ್ರೇ ಕಳಿಸಿದವಳು, ಕೆಳಗೆ ಶವ ಇಡುವ ಕೋಣೆಯಲ್ಲಿ ಆರ್ವಿನ್ ಸತ್ತ ಅವರ ಗಂಡಂದಿರಿಗೆ ಟೈ ಕಟ್ಟುತ್ತಿದ್ದಾಗ ಮೇಲೆ ಮನೆಯಲ್ಲಿ ನಾನು ಅಡುಗೆ, ಕೆಳಗೆ ಪ್ರಾರ್ಥನೆ ನಡೆಯುವಾಗ ಈರುಳ್ಳಿ ಹುರಿಯುವಂತಿಲ್ಲ, ವಾಸನೆ ಇಳಿಯುತ್ತದೆ, ಮಗಳು ಮಾರ್ಲಿಸ್ ಕಾಲುಚೀಲದಲ್ಲೇ ಓಡಾಡಬೇಕು, ಅವಳು ನಡೆಯಲು ಕಲಿತದ್ದೇ ತುದಿಗಾಲಿನಲ್ಲಿ. ಆಗೆಲ್ಲ ಊರಿಗೆ ನಮ್ಮದೊಂದೇ ಗಾಡಿ, ರೋಗಿಗೂ ಅದೇ, ಹೆಣಕ್ಕೂ ಅದೇ, ಕಾಲು ಮುರಿದುಕೊಂಡ ಸೆಲ್ಮರ್ ಹಿಂದೆ ಮಲಗಿ ಕೇಳಿದ್ದನಂತೆ, ಲೋ ಆರ್ವಿನ್, ಮೂಲೇಲಿ ಎಡಕ್ಕೆ ತಿರುಗ್ತೀಯೋ ಬಲಕ್ಕೋ, ಎಡಕ್ಕೆ ಆಸ್ಪತ್ರೆ, ಬಲಕ್ಕೆ ನಮ್ಮ ಮನೆ, ಆರ್ವಿನ್ ಹೇಳಿದ್ದು, ಇನ್ನೂ ಬಾಯಿ ನಡೀತಾ ಇದೆಯಲ್ಲ, ಎಡಕ್ಕೇ. ಇಪ್ಪತ್ತು ವರ್ಷವಾದ ಮೇಲೆ ಸೆಲ್ಮರ್‌ನನ್ನು ಬಲಕ್ಕೇ ತಂದ, ತರುವಾಗ ಮೂಲೆಯಲ್ಲಿ ಗಾಡಿ ನಿಲ್ಲಿಸಿ ಒಮ್ಮೆ ಎಡಕ್ಕೆ ನೋಡಿದೆ ಎಂದು ನನಗೊಬ್ಬಳಿಗೆ ಹೇಳಿದ. ಆರ್ವಿನ್‌ನನ್ನು ಮಾತ್ರ ಇದೇ ಕಸುಬಿನ, ನಲವತ್ತು ಮೈಲಿ ಆಚೆಯವರು ಬಂದು ಒಯ್ದರು, ಒಳ್ಳೆಯವರೇ, ಹೆಸರು ಸರಿಯಾಗಿ ಕರೆದರು, ಆದರೆ ಅವನ ಕೂದಲನ್ನು ತಪ್ಪು ಕಡೆಗೆ ಬಾಚಿದ್ದರು, ನಾನು ಬಾಚಣಿಗೆ ಕೇಳಿ ಸರಿಮಾಡಿದೆ.

ಈ ಕೆಂಪನ್ನೂ ಸರಿಮಾಡಬೇಕು. ಭಾನುವಾರ ಮಾರ್ಲಿಸ್ ಇದನ್ನಿಡಲು ಗಾಜಿನ ಪೆಟ್ಟಿಗೆ ತರುತ್ತಾಳೆ, ಹಿಂಬದಿಗೆ ಮೊಳೆ ಹೊಡೆದು ಹಜಾರದಲ್ಲಿ ಇಡುತ್ತಾಳೆ, ಮತ್ತೆ ತೆಗೆಯುವುದಿಲ್ಲ, ಗಾರ್ಡಿ ಬಂದಾಗಲೆಲ್ಲ ಅದರ ಎದುರಿನ ಕುರ್ಚಿಯಲ್ಲಿ ಕೂರುತ್ತಾನೆ. ಅವನನ್ನೇ ಕರೆದು ಇನ್ನೊಂದು ತುದಿ ಹಿಡಿ ಎನ್ನಲೇ, ಆಗದು, ಆರ್ವಿನ್ ಎಂದೂ ಹಾಗೆ ಮಾಡಲಿಲ್ಲ, ಸ್ಮಶಾನದಿಂದ ಎಷ್ಟು ಬಾವುಟಗಳು ಓರೆಕೋರೆಯಾಗಿ ಬಂದವು, ಊಟ ನಡೆಯುತ್ತಿರುವಾಗ ಹಿಂದಿನ ಕೋಣೆಗೆ ತಂದು ಬಾಗಿಲು ಹಾಕಿ ನಾವಿಬ್ಬರೇ ಬಿಚ್ಚಿ ಮತ್ತೆ ಮಡಚಿ ವಿಧವೆಯ ಪಕ್ಕದಲ್ಲಿ ಇಟ್ಟುಬಿಡುತ್ತಿದ್ದೆವು, ಮಡಚಿದ ಮುದುಕರಿಗೆ ಗೊತ್ತಾಗಲೇಬಾರದು, ಇದು ಈ ಕೋಣೇಲೇ ಇರ್ಲಿ ಆರ್ಡಿಸ್ ಎನ್ನುತ್ತಿದ್ದ, ನಾನು ಮಗಳಿಗೂ ಹೇಳಿಲ್ಲ. ಕೆಂಪು ಸ್ವಲ್ಪ ಕಂಡರೆ ಏನಾಯ್ತು ಮಾರಾಯ ಎಂದು ಒಂದೇ ಒಂದು ಸಲ ಕೇಳಿದ್ದೆ, ಅವನು ಬಟ್ಟೆ ಬಿಡದೆ ಹೇಳಿದ, ಕೊರಿಯಾ ಯುದ್ಧದಲ್ಲಿ ನನ್ನ ಕೆಲಸ ಬಿದ್ದೋರ್ನ ಎತ್ತಿ ತರೋದು, ಹತ್ತೊಂಬತ್ತು ವಯಸ್ಸು ನಂಗೆ, ಹೊದಿಸೋಕೆ ಏನೂ ಇರ್ಲಿಲ್ಲ. ಅಷ್ಟೇ, ಮತ್ತೆ ಆ ಮಾತು ಬರಲಿಲ್ಲ, ನಾನೂ ಕೇಳಲಿಲ್ಲ, ಕೇಳಬೇಕಿತ್ತೋ ಏನೋ.

ಕೈ ಒರೆಸಿಕೊಂಡೆ, ಬಿಚ್ಚಿದೆ, ಎಷ್ಟು ಉದ್ದ ಇದು, ಒಬ್ಬರು ಮಡಚುವ ಬಟ್ಟೆಯಲ್ಲ, ಮೇಜಿನ ಮೇಲೆ ಹಾಸಿ ಉದ್ದಕ್ಕೆ ಎರಡು ಸಲ ಮಡಿಸುವುದು ಹೇಗೋ ಆಯಿತು, ನೆಲಕ್ಕೆ ತಾಗಬಾರದು, ನಕ್ಷತ್ರದ ತುದಿ ಯಾವಾಗಲೂ ನನ್ನದು, ಬಿಗಿಯಾಗಿ ಹಿಡ್ಕೋ, ನಾನೇ ನಿನ್ನ ಹತ್ರ ಬರ್ತೀನಿ, ಎಂದು ಅವನು ಪಟ್ಟೆಯ ತುದಿಯಿಂದ ಮಡಿಕೆ ಮಡಿಕೆಯಾಗಿ, ತ್ರಿಕೋನದ ಮೇಲೆ ತ್ರಿಕೋನ, ನನ್ನತ್ತ ನಡೆದು ಬರುತ್ತಿದ್ದ, ಸೋಪಿನ ವಾಸನೆ ಮೊದಲು ಬರುತ್ತಿತ್ತು, ಆಮೇಲೆ ಅವನು. ಈಗ ನಕ್ಷತ್ರದ ತುದಿಯನ್ನು ಚಮಚಗಳ ಖಾನೆಗೆ ಸಿಕ್ಕಿಸಿ ಮುಚ್ಚಿದ್ದೇನೆ, ನಾನು ಅವನ ಜಾಗದಲ್ಲಿ, ಒಂದು ಮಡಿಕೆ, ಒಂದು ಹೆಜ್ಜೆ, ಇನ್ನೊಂದು, ಬರ್ತಾ ಇದೀನಿ ಎಂದು ಖಾನೆಗೆ ಹೇಳುವುದೇ, ಹತ್ತು, ಹನ್ನೊಂದು, ಹಿಡಿ ಸಿಕ್ಕಿತು, ಖಾನೆಯ ತಣ್ಣಗಿನ ಹಿತ್ತಾಳೆಯ ಹಿಡಿ. ಖಾನೆ ಎಳೆದೆ, ತುದಿ ಬಿಡಿಸಿದೆ, ಉಳಿದದ್ದು ಒಳಗೆ ಸೇರಿಸುವುದಷ್ಟೇ, ಅದಕ್ಕೆ ಎರಡು ಕೈ ಸಾಲದು, ಇಲ್ಲಿ ಹೆಬ್ಬೆರಳಿಡು ಆರ್ಡಿಸ್, ಪೊಟ್ಟಣಕ್ಕೆ ದಾರ ಕಟ್ಟುವಾಗ ಇಡುವ ಹಾಗೆ ನಾನು ಇಡುತ್ತಿದ್ದೆ, ಅವನು ಎರಡು ಕೈಯಲ್ಲಿ ತುದಿಯನ್ನು ಒಳಗೆ ತಳ್ಳುತ್ತಿದ್ದ, ನನ್ನ ಬೆರಳೂ ಒಳಗೆ ಹೋಗುತ್ತಿತ್ತು, ನಗುತ್ತಿದ್ದೆವು, ಆಚೆ ಜನ ಅಳುತ್ತಿರುವಾಗ. ಒಂದು ಕೈಯಲ್ಲಿ ತಳ್ಳಿದೆ, ಜಾರಿತು, ಇನ್ನೊಮ್ಮೆ ತಳ್ಳಿದೆ, ಹೊರಬಂತು, ಅಷ್ಟೇ ಅಗಲ, ಕಿರುಬೆರಳಿನಷ್ಟು, ನಿನ್ನೆ ಗಾರ್ಡಿಯ ಕೈಯಲ್ಲಿ ಇದ್ದಷ್ಟೇ. ಬಿಸಿಲು ಮೇಜಿನಿಂದ ಇಳಿದಿದೆ. ಹೆಬ್ಬೆರಳು ಇಟ್ಟಿದ್ದೇನೆ, ಸರಿಯಾದ ಜಾಗದಲ್ಲೇ ಇಟ್ಟಿದ್ದೇನೆ, ಒತ್ತಿ ಹಿಡಿದಿದ್ದೇನೆ, ಉಗುರಿನ ಪಕ್ಕದಲ್ಲಿ ಕೆಂಪು.