ಡಬ್ಬಿ ಖಾಲಿ ಹೋಗಬಾರದು

ಸಂಜೆ ನಾಲ್ಕರ ಗಾಡಿಗೆ ಅಕ್ಕ ಬರುವವರಿದ್ದರು. ಅವರು ಕೊಟ್ಟ ಹಿತ್ತಾಳೆಯ ಡಬ್ಬಿ ಮಾತ್ರ ಮನೆಯಲ್ಲಿರಲಿಲ್ಲ. ನವನಗರದ ನಿರುಪಮಾಬಾಯಿಗೆ ಅರವತ್ತೆಂಟು ವರ್ಷ. ಆದರೂ ಅಕ್ಕನ ಹೆಸರು ಕೇಳಿದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ತಂಗಿಯ ಮದುವೆಯಲ್ಲಿ ಕೊಟ್ಟ ಆ ಡಬ್ಬಿಯನ್ನು ಅಕ್ಕ ಪ್ರತಿ ಸಲವೂ ಕೈಕಾಲು ತೊಳೆಯುವ ಮೊದಲೇ ಅಡುಗೆಮನೆಗೆ ನುಗ್ಗಿ ನೋಡುತ್ತಿದ್ದರು.

ಡಬ್ಬಿ ಎಲ್ಲಿದೆ ಎಂಬುದೇನೂ ಗುಟ್ಟಲ್ಲ. ಹಿತ್ತಲ ಗೇಟಿನಾಚೆ ಗುಲ್ಜಾರಬಿಯ ಮನೆಯಲ್ಲಿ. ಕಳೆದ ಪಂಚಮಿಗೆ ಶೇಂಗಾ ಉಂಡಿ ತುಂಬಿ ಕಳಿಸಿದ್ದರು. ಅದಾಗಿ ವಾರಕ್ಕೆ ಗುಲ್ಜಾರಬಿಯ ಗಂಡ ರಸೂಲಸಾಬರು ತೀರಿಕೊಂಡರು. ಹತ್ತು ತಿಂಗಳಾಯಿತು.

"ನಾ ಹೋಗಿ ಕೇಳಿ ತರ್ಲೇನ್ರಿ ಅತ್ಯಾ?" ಎಂದಳು ಸೊಸೆ ಚಿನ್ಮಯೀ.

"ಡಬ್ಬಿ ಕೊಡ್ರಿ ಅಂತ ಬಾಯಿಬಿಟ್ಟು ಕೇಳೋದ? ಛಲೋ ಹೇಳ್ದಿ! ಅದು ತಾನs ಯಾವಾಗ ಬರತದ, ನಿನ್ನ ಮಷೀನಿಗೆ ಕೇಳು."

ಚಿನ್ಮಯೀ ಧಾರವಾಡದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಆಗ ಅವಳು ಪಾಠಕ್ಕೆ ಸಿದ್ಧಮಾಡುತ್ತಿದ್ದದ್ದು ನಿಯಮಗಳ ಒಂದು ಭಾಷೆಯನ್ನು. ಅದಕ್ಕೆ ನಡೆದ ಸಂಗತಿಗಳನ್ನೂ ನಿಯಮಗಳನ್ನೂ ಬರೆದುಕೊಟ್ಟರೆ ಸಾಕು. ಉಳಿದದ್ದನ್ನು ತಾನೇ ತರ್ಕಿಸಿ, ದಾಖಲೆಯನ್ನೂ ತಾನೇ ತಿದ್ದಿ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಪಾಠಕ್ಕೊಂದು ಉದಾಹರಣೆ ಬೇಕಾಗಿತ್ತು. ನಿಯಮಗಳಿಗೆ ಅತ್ತೆಯ ಬಳಿ ಬರವಿರಲಿಲ್ಲ.

"ಬರಕೋ. ಡಬ್ಬಿ ಬಂದ ಮನಿಯವರು ಅದನ್ನ ತುಂಬಿ ತಿರುಗಿ ಕಳಸಬೇಕು. ಖಾಲಿ ಕೊಡಬಾರದು."

ಚಿನ್ಮಯೀ ಬರೆದು ಓಡಿಸಿದಳು. ಪರದೆಯ ಮೇಲೆ ಡಬ್ಬಿ ಗುಲ್ಜಾರಬಿಯ ಮನೆಯಿಂದ ನಿರುಪಮಾಬಾಯಿಯ ಮನೆಗೆ ಬಂತು, ಹೋಯಿತು, ಬಂತು, ಹೋಯಿತು. ಒಂದು ನಿಮಿಷದಲ್ಲಿ ಲಕ್ಷ ಸಲ ಹಿತ್ತಲ ಗೇಟು ದಾಟಿತು.

"ತಪ್ಪಾತ್ರಿ. ಇದು ನಿಲ್ಲವಲ್ದು."

"ಎಲ್ಲಿ ತಪ್ಪು? ಇಪ್ಪತ್ತೆರಡು ವರ್ಷ ಖರೇನs ಹಿಂಗs ನಡದದ. ಯಾಕ ನಿಲ್ಲಬೇಕು?"

ಅತ್ತೆ ಎರಡನೆಯ ನಿಯಮ ಹೇಳಿದರು: ಸಾವಾದ ಮನೆಗೆ ಒಂದು ವರ್ಷ ಸಿಹಿ ಕಳಿಸುವಂತಿಲ್ಲ, ಅಲ್ಲಿಂದ ಬರುವಂತೆಯೂ ಇಲ್ಲ. ಅದನ್ನು ಸೇರಿಸಿದ್ದೇ ತಡ, ಓಟ ತಟ್ಟನೆ ನಿಂತಿತು. ನಿಲ್ಲಿಸಲು ಒಂದು ಸಾವು ಬೇಕಾಯಿತು. ಉತ್ತರವೂ ಬಂತು: ಡಬ್ಬಿ ಬರುವುದು ಮುಂದಿನ ಪಂಚಮಿ ಕಳೆದ ಮೇಲೆ.

"ಅಯ್ಯ! ಅಕ್ಕ ಇನ್ನೊಂದು ತಾಸಿಗೆ ಬರ್ತಾಳ. ವರ್ಷ ತಗದು ಹತ್ತ ತಿಂಗಳಾ ಮಾಡು."

"ಹಂಗ ಮಾಡಿದ್ರ ಡಬ್ಬಿ ಮಷೀನಿನ್ಯಾಗ ಬರತದರಿ, ಮನಿಗಲ್ಲ. ಈ ಒಂದು ವರ್ಷ ಅನ್ನೋದು ಯಾರ ನಿಯಮರಿ?"

"ನಮ್ಮದು."

"ಅವರದು?"

ನಿರುಪಮಾಬಾಯಿ ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಕೇಳಿರಲಿಲ್ಲ. ಚಿನ್ಮಯೀ ಚಪ್ಪಲಿ ಮೆಟ್ಟಿ ಹಿತ್ತಲ ಗೇಟು ತೆರೆದಳು.

"ನಲವತ್ತು ದಿನಕ್ಕ ಮನಿಯವ್ರ ಶೋಕದ ದಿನ ಎಲ್ಲಾ ಮುಗೀತು," ಎಂದರು ಗುಲ್ಜಾರಬಿ. "ಗಂಡ ಸತ್ತಾಕಿ ಅಂತ ನನಗ ನಾಲ್ಕು ತಿಂಗಳ ಹತ್ತು ದಿನ. ಅದೂ ಆಗಿ ಯಾವ ಕಾಲ ಆತಲ್ಲವಾ! ನಿಮ್ಮ ಮನಿಂದ ದೀಪಾವಳಿಗೆ ಒಂದು ಕರ್ಚಿಕಾಯಿ ಇಲ್ಲ, ಸಂಕ್ರಾಂತಿಗೆ ಒಂದು ಕಾಳು ಎಳ್ಳಿಲ್ಲ. ಬಾಯಾರು ಸಿಟ್ಟಾಗ್ಯಾರಂತ ತಿಳದೆ. ರಂಜಾನಕ್ಕ ಡಬ್ಬಿ ತುಂಬಕೊಂಡು ಗೇಟಿನ ತನಕ ಬಂದಿದ್ದೆ. ನಿಮ್ಮತ್ತಿ ನನ್ನ ನೋಡಿ ಒಳಗ ಓಡಿದ್ರು."

"ದುಃಖದಾಗ ಇದ್ದವರಿಗೆ ತ್ರಾಸು ಕೊಡಬಾರದಂತ ಓಡಿದ್ರಂತ್ರಿ, ಚಾಚಿ."

"ಎಂಟು ತಿಂಗಳ ಮ್ಯಾಲೆ ಎಂಥಾ ದುಃಖ! ಸಿಹಿನೆಲ್ಲಾ ಮೊಮ್ಮಗಳು ಆರ್ಜೂ ತಿಂದ್ಲು."

"ಈಗ ಡಬ್ಬಿ ಅಷ್ಟs ಕೊಡ್ರಿ. ಅತ್ಯಾನ ಅಕ್ಕ ಬರಾಕತ್ತಾರ."

"ಖಾಲಿ? ನನ್ನ ಗಂಡ ಹೋದಾಗೂ ಈ ಮನಿಂದ ಖಾಲಿ ಡಬ್ಬಿ ಹೋಗಿಲ್ಲ. ಕುಂದರು."

ಒಲೆ ಹೊತ್ತಿತು. ಬೆಲ್ಲ ಕರಗಿತು. ಚೊಂಗೆಗೆ, ಅಂದರೆ ಬೆಲ್ಲದ ಸಿಹಿ ರೊಟ್ಟಿಗೆ, ಹಿಟ್ಟು ಕಲಸಲು ಚಿನ್ಮಯೀಯೇ ಕೂತಳು. ಮೂರೂವರೆಗೆ ತಡೆಯಲಾರದೆ ನಿರುಪಮಾಬಾಯಿ ಬಂದರು. ಹತ್ತು ತಿಂಗಳ ಮೇಲೆ ಬರಿಗೈಯಲ್ಲಿ ಹೇಗೆ ಬರುವುದು? ಸ್ಟೀಲಿನ ದೊಡ್ಡ ಡಬ್ಬಿಯ ತುಂಬ ಬೇಸನ್ ಉಂಡಿ ತಂದಿದ್ದರು.

"ಸಿಟ್ಟಲ್ಲರಿ, ಗುಲ್ಜಾರಬಿ. ನಮ್ಮಲ್ಲಿ ವರ್ಷ ಅಂತ…"

"ಕೇಳಿದೆ, ಬಾಯಾರ," ಎಂದು ಗುಲ್ಜಾರಬಿ ಸ್ಟೀಲಿನ ಡಬ್ಬಿ ನೋಡಿ ನಿಟ್ಟುಸಿರಿಟ್ಟರು. "ಇನ್ನ ಇದನ್ನೂ ತುಂಬಬೇಕು. ಚಿನ್ಮಯೀ, ಹಿಟ್ಟು ಜಾಸ್ತಿ ಕಲಸು."

ನಾಲ್ಕೂವರೆಗೆ ಫೋನು ಬಂತು. ಬೀಗ ಹಾಕಿದ ಬಾಗಿಲ ಮುಂದೆ ಅಕ್ಕ ನಿಂತಿದ್ದರು. ಏನಾದರೂ ನೆಪ ಹೇಳೋಣವೆಂದು ನಿರುಪಮಾಬಾಯಿ ಗುಲ್ಜಾರಬಿಯ ಮುಖ ನೋಡಿದರು. ನೆಪ ಬಾಯಿಗೆ ಬರಲಿಲ್ಲ.

"ಅಕ್ಕಾ, ಹಿತ್ತಲ ಗೇಟಿನಿಂದ ಬಾ. ನಾವೂ ಇಲ್ಲೇ ಇದ್ದೇವಿ. ನಿನ್ನ ಡಬ್ಬೀನೂ ಇಲ್ಲೇ ಅದ."

ಅಕ್ಕ ಬಂದರು. ಗುಲ್ಜಾರಬಿ ಹುಣಸೆಹಣ್ಣು ಹಚ್ಚಿ ವಾರವಾರವೂ ತಿಕ್ಕಿಟ್ಟಿದ್ದ ಡಬ್ಬಿಯನ್ನು ಕಪಾಟಿನಿಂದ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಅದರಲ್ಲಿ ತಮ್ಮ ಮುಖವನ್ನೇ ನೋಡಿಕೊಂಡರು.

"ನಿನ್ನ ಕಡೆ ಇದ್ದಾಗ ಇದು ಒಂದು ದಿನಾನೂ ಹಿಂಗ ಹೊಳದಿರಲಿಲ್ಲಲ್ಲs, ನಿರೂ. ಇಲ್ಲೇ ಇರಲಿ ಬಿಡು."

"ಇಲ್ಲೆಲ್ಲಿ ಇರತೈತಿ? ಈಗ ತುಂಬಿ ಕಳಸಾಕತ್ತೇನಿ!" ಎಂದು ಗುಲ್ಜಾರಬಿ ಹೆಂಚಿನ ಮೇಲಿನ ಚೊಂಗೆ ಮಗುಚಿದರು.